ಸಂತೆ ಸುಂಕದ ಕೇಸು ಗೆದ್ದದ್ದು

ಈಚೆಗೆ ವಕೀಲರ ಸಂಘದ ಕೋಣೆಯಲ್ಲಿ ಕೂತರೆ ಸುಂಕದ್ದೇ ಮಾತು. ಅಮೆರಿಕಾದ ಅಧ್ಯಕ್ಷರು ತಾವೇ ಸಹಿ ಹಾಕಿ ಹೊರಗಿನ ಸರಕಿಗೆಲ್ಲ ಸುಂಕ ಏರಿಸಿದರಂತೆ. ಸುಂಕ ಹಾಕುವುದು ಶಾಸನಸಭೆಯ ಕೆಲಸ, ನಿಮ್ಮದಲ್ಲ ಎಂದು ಅಲ್ಲಿನ ಕೋರ್ಟು ಹೇಳಿತಂತೆ. ಟೀವಿಯಲ್ಲಿ ಅರ್ಧ ಗಂಟೆ ಕೇಳಿದ್ದನ್ನು ನಮ್ಮವರು ಮೂರು ದಿನ ಆಡುತ್ತಾರೆ. ಕಕ್ಷಿದಾರರು ಕಡಿಮೆ ಇರುವ ದಿನಗಳಲ್ಲಂತೂ ನಾಲ್ಕು ದಿನ. ಮೊನ್ನೆ ನನ್ನ ಓರಗೆಯ ವಕೀಲರೊಬ್ಬರು, ಇಪ್ಪತ್ತು ವರ್ಷದಿಂದ ಹೆಚ್ಚುಕಡಿಮೆ ನನ್ನ ಎದುರು ಪಾರ್ಟಿಗೇ ನಿಲ್ಲುವವರು, ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. "ನಮ್ಮ ಸಾಹೇಬ್ರು ಇದೇ ಪಾಯಿಂಟಿನ ಮ್ಯಾಲೆ ಯಾವಾಗ್ಲೋ ಗೆದ್ದಾರೆ ಕಣ್ರೀ. ಅಮೆರಿಕಾದೋರು ಇವ್ರನ್ನ ಒಂದ್ ಮಾತು ಕೇಳಿದ್ರೆ ಆಗ್ತಿತ್ತು," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಮಂಡಿ ನೋವಿನ ನೆಪ ಹೇಳಿ ಎದ್ದು ಬಂದೆ. ಆ ಕೇಸಿನ ಹೆಸರೆತ್ತಿದರೆ ನನಗೆ ಸುಸ್ತಾಗುತ್ತದೆ.

ನಾನು ಚನ್ನಗಿರಿಯಲ್ಲಿ ವಕೀಲಿ ಮಾಡುವವನು. ಹೊನ್ನಾಳಿಗೂ ಜಗಳೂರಿಗೂ ಕೇಸಿದ್ದಾಗ ಹೋಗುತ್ತೇನೆ, ನ್ಯಾಮತಿಗೆ ತಾಲ್ಲೂಕು ಕಚೇರಿಯ ಕೆಲಸವಿದ್ದಾಗ. ಎಲ್ಲವೂ ಬಸ್ಸಿನಲ್ಲೇ. ಕರಿ ಕೋಟು ಹೆಗಲ ಮೇಲೆ ಕಂದು ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷವಾಯಿತು. ಹೊಸದು ಹೊಲಿಸಿ ಅಂತ ಮನೆಯಾಕೆ ಹೇಳುತ್ತಾಳೆ, ಇನ್ನೆಷ್ಟು ದಿನದ ವಕೀಲಿಕೆ ಅಂತ ನಾನು ಹೇಳುತ್ತೇನೆ. ಹೀಗೆ ಹೇಳುತ್ತಲೇ ಹತ್ತು ವರ್ಷ ಕಳೆದಿದೆ.

ಆ ಕೇಸಿನವಳು ನನ್ನ ಆಫೀಸಿಗೆ ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ, ನಾನು ಊಟದ ಡಬ್ಬಿ ಮುಚ್ಚುತ್ತಿದ್ದಾಗ. ಅರವತ್ತರ ಆಸುಪಾಸಿನ ಹೆಂಗಸು, ಬಸವಾಪಟ್ಟಣದ ಕಡೆಯವಳು. ತಲೆಯ ಮೇಲಿದ್ದ ಗೋಣಿಚೀಲವನ್ನು ಬಾಗಿಲ ಹೊರಗೆ ಇಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು. ಬೆರಳ ಸಂದಿಯಲ್ಲೆಲ್ಲ ಹಳದಿ ಕೆಂಪು ಬಣ್ಣ. ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಊದಿನಕಡ್ಡಿ ಮಾರುವಾಕೆ. ವಾರದಲ್ಲಿ ಐದು ಸಂತೆ ಮಾಡುತ್ತಿದ್ದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಮತ್ತೆ ದೂರವಾದರೂ ಜಗಳೂರು, ಅಲ್ಲಿ ತಂಗಿಯ ಮನೆ ಇತ್ತು. ಐದನೆಯ ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿನ ಜನರ ಮುಖ ಇನ್ನೂ ನೋಡಬೇಕು ನಾನು. ನಡೆದದ್ದೆಲ್ಲ ಆ ಐದನೆಯ ಸಂತೆಯಲ್ಲಿ.

"ನನ್ ಜಾಗ ನಂಗೆ ಕೊಡ್ಸ್ರಿ ವಕೀಲ್ರೇ, ಬ್ಯಾರೆ ಏನೂ ಬ್ಯಾಡ," ಎಂದಳು ಆಕೆ. ಕೂತುಕೊಳ್ಳುವ ಮೊದಲೇ ಹೇಳಿದ್ದು ಅದು.

ಜಾಗವೆಂದರೆ ಸಂತೆ ಬಾಗಿಲ ಪಕ್ಕದ ಕರೆಂಟು ಕಂಬದ ಬುಡ, ಒಂದು ಗೋಣಿ ಹಾಸುವಷ್ಟು ನೆಲ. ಇಪ್ಪತ್ತಾರು ವರ್ಷ ಅಲ್ಲೇ ಕೂತಿದ್ದಾಳೆ. ಬಸ್ಸಿನಿಂದ ಚೀಲ ಇಳಿಸಿಕೊಂಡರೆ ಹತ್ತೇ ಹೆಜ್ಜೆ. ಸಂತೆಗೆ ಬರುವ ಹೆಂಗಸರು ಒಳಗೆ ಹೋಗುವಾಗ ಅಲ್ಲ, ಎಲ್ಲ ಮುಗಿಸಿ ಹೊರಗೆ ಬರುವಾಗ, ಉಳಿದ ಚಿಲ್ಲರೆಗೆ ಕುಂಕುಮ ಕರ್ಪೂರ ಕೊಳ್ಳುತ್ತಾರೆ. ಹಾಗಾಗಿ ಬಾಗಿಲ ಬಳಿ ಕೂತವಳಿಗೆ ವ್ಯಾಪಾರ. ಆಕೆಯ ಹೆಸರು ಗೊತ್ತಿದ್ದವರು ಆ ಸಂತೆಯಲ್ಲಿ ಇಬ್ಬರೋ ಮೂವರೋ. ಕಂಬದ ಅರಿಶಿನದಮ್ಮ ಅಂದರೆ ಎಲ್ಲರಿಗೂ ಗೊತ್ತು.

ಜಾಗ ಹೋದದ್ದು ಬೋಣಿಯ ದೆಸೆಯಿಂದ. ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಸಂತೆಯವರಲ್ಲಿ ಬೋಣಿ ಆಗುವ ಮುಂಚೆ ಯಾರೂ ಕೈಯಿಂದ ಒಂದು ರೂಪಾಯಿ ಹೊರಗೆ ಬಿಡುವುದಿಲ್ಲ. ಚಹಾ ಕೂಡ ಸಾಲ ಹೇಳಿಯೇ ಕುಡಿಯುತ್ತಾರೆ. ಸುಂಕ ಎತ್ತುವ ಗುತ್ತಿಗೆದಾರನ ಕಡೆಯವರಿಗೂ ಇದು ಗೊತ್ತು. ಮೊದಲಿಂದಲೂ ಅವರು ಬಿಸಿಲು ಏರಿದ ಮೇಲೆ, ಎಲ್ಲರ ಬೋಣಿ ಆದ ಮೇಲೆ, ಸಾಲು ಹಿಡಿದು ಚೀಟಿ ಹರಿಯುತ್ತ ಬರುತ್ತಿದ್ದರು. "ಬೋಣಿ ಆತೇನಮ್ಮಾ?" ಅಂತ ಕೇಳಿಯೇ ಕೈ ಚಾಚುತ್ತಿದ್ದರು. ಇನ್ನೂ ಆಗಿಲ್ಲ ಅಂದರೆ ಮುಂದಿನವರ ಹತ್ತಿರ ಹೋಗಿ ಮತ್ತೆ ಬರುತ್ತಿದ್ದರು. ಇದನ್ನು ಯಾವ ಬೈಲಾದಲ್ಲೂ ಬರೆದಿರಲಿಲ್ಲ, ಆದರೆ ಬರೆದದ್ದಕ್ಕಿಂತ ಚೆನ್ನಾಗಿ ನಡೆಯುತ್ತಿತ್ತು.

ಆ ವರ್ಷ ಆ ಊರಿನ ಪಟ್ಟಣ ಪಂಚಾಯಿತಿಗೆ ಹೊಸ ಮುಖ್ಯಾಧಿಕಾರಿ ಬಂದಿದ್ದರು. ಅವರೊಂದು ಆದೇಶ ಹೊರಡಿಸಿದರು. ಒಂದೇ ಹಾಳೆ, ಅದರಲ್ಲಿ ಎರಡು ಕಲಮು. ಮೊದಲನೆಯದು, ನೆಲದ ಮೇಲೆ ಕೂತು ಮಾರುವವರ ಸುಂಕ ಹತ್ತು ರೂಪಾಯಿಯಿಂದ ಇಪ್ಪತ್ತೈದಕ್ಕೆ ಏರಿಕೆ. ಎರಡನೆಯದು, ಸುಂಕವನ್ನು ಬಾಗಿಲಲ್ಲೇ ಕಟ್ಟಿ ಒಳಗೆ ಬರಬೇಕು, ಮೊದಲು ಕಟ್ಟಿದವರಿಗೆ ಮೊದಲು ಜಾಗ. ಆ ವಾರ ಆಕೆ ಯಥಾಪ್ರಕಾರ ಮೊದಲ ಬಸ್ಸಿಗೆ ಬಂದು ಕಂಬದ ಬುಡದಲ್ಲಿ ಗೋಣಿ ಹಾಸಿದ್ದಾಳೆ. ಚೀಟಿಯವನು ಬಂದು ದುಡ್ಡು ಕೇಳಿದ್ದಾನೆ. "ಬೋಣಿ ಆಗ್ಲಿ ತಡಿಯಪ್ಪಾ," ಅಂದಿದ್ದಾಳೆ ಈಕೆ. ಅಷ್ಟರಲ್ಲಿ ಪ್ಲಾಸ್ಟಿಕ್ ಬಕೆಟ್ಟು ಬುಟ್ಟಿ ಮಾರುವವನೊಬ್ಬ ತನ್ನ ಗೂಡ್ಸ್ ಆಟೋ ನಿಲ್ಲಿಸಿ ದುಡ್ಡು ಕಟ್ಟಿದ. ಕಂಬದ ಜಾಗ ಅವನ ಪಾಲಾಯಿತು. ಈಕೆಯ ಚೀಲವನ್ನು ಎತ್ತಿ ಸಂತೆಯ ಹಿಂಬದಿಗೆ, ಒಣಮೀನಿನ ಸಾಲಿನ ಕೊನೆಗೆ ಇಟ್ಟರು. ಅಲ್ಲಿಂದಾಚೆಗೆ ಎಷ್ಟು ಬೇಗ ಬಂದರೂ ಆಟೋದವನು ಆಕೆಗಿಂತ ಮುಂಚೆ ಬಂದಿರುತ್ತಿದ್ದ. ಬಸ್ಸು ಬಂದಾಗ ತಾನೇ ಆಕೆ ಬರುವುದು.

"ಒಣಮೀನಿನ ಪಕ್ಕ ಕುಂತು ವಿಭೂತಿ ಮಾರಾಕೆ ಆಗ್ತೈತೇನ್ರೀ? ಯಾರ್ ತಗಂತಾರೆ?" ಎಂದು ಕೇಳಿದಳು. ಕೇಳುವಾಗ ಒಣಮೀನಿನವಳ ಮೇಲೆ ಆಕೆಗೆ ಸಿಟ್ಟಿರಲಿಲ್ಲ. ಆ ಹೆಂಗಸು ಬಹಳ ಒಳ್ಳೆಯವಳು, ಬಿಸಿಲಿಗೆ ತನ್ನ ಕೊಡೆಯ ಅರ್ಧ ನೆರಳು ಕೊಡುತ್ತಾಳೆ ಎಂದೂ ಹೇಳಿದಳು. ಆದರೆ ದೇವರ ಸಾಮಾನಿಗೆ ಮೀನಿನ ವಾಸನೆ ಹತ್ತಿದರೆ ಯಾರೂ ಮನೆಗೆ ಒಯ್ಯುವುದಿಲ್ಲ.

ಆಕೆ ಮಡಿಚಿ ತಂದಿದ್ದ ಆದೇಶದ ಜೆರಾಕ್ಸನ್ನು ನಾನು ಎರಡು ಸಲ ಓದಿದೆ. ನಿಜ ಹೇಳಬೇಕೆಂದರೆ ಬಹಳ ವರ್ಷದ ಮೇಲೆ ನನಗೆ ಒಂದು ಕಾಗದ ಓದಿ ಖುಷಿಯಾಯಿತು. ಜಮೀನಿನ ಹದ್ದುಬಸ್ತು, ಚೆಕ್ ಬೌನ್ಸು, ಜೀವನಾಂಶ ಇವುಗಳಲ್ಲೇ ಮುದುಕನಾದವನಿಗೆ ಇದು ಕಾನೂನು ಕಾಲೇಜಿನ ಮೊದಲ ವರ್ಷವನ್ನು ನೆನಪಿಸಿತು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ಎತ್ತುವಂತಿಲ್ಲ ಎಂದು ಸಂವಿಧಾನದಲ್ಲೇ ಇದೆ. ಸಂತೆಯ ದರ ಏರಿಸಬೇಕಾದರೆ ಚುನಾಯಿತ ಸದಸ್ಯರ ಸಭೆ ಠರಾವು ಮಾಡಬೇಕು, ಜನರ ಆಕ್ಷೇಪಣೆ ಕರೆಯಬೇಕು, ಕೇಳಬೇಕು. ಅಧಿಕಾರಿಯ ಕೆಲಸ ಸಭೆ ಹೇಳಿದ್ದನ್ನು ಜಾರಿ ಮಾಡುವುದು. ಇಲ್ಲಿ ಸಭೆಯೂ ಇಲ್ಲ ಠರಾವೂ ಇಲ್ಲ, ಬರೀ ಒಂದು ಸಹಿ, ಒಂದು ಸೀಲು. ನಾನು ಕೆಂಪು ಪೆನ್ನು ತೆಗೆದು ಮೊದಲ ಕಲಮಿಗೆ ಸುತ್ತ ಗೆರೆ ಎಳೆದೆ.

"ನೋಡಮ್ಮಾ, ಈ ಸುಂಕ ಏರಿಸೋ ಅಧಿಕಾರವೇ ಆ ಅಧಿಕಾರಿಗಿಲ್ಲ," ಎಂದೆ.

"ಅದಿರ್ಲಿ ಬಿಡ್ರಿ, ಇಪ್ಪತ್ತೈದು ಹೆಂಗೋ ಕೊಡ್ತೀನಿ. ನನ್ ಜಾಗ?"

"ಸುಂಕ ಬಿದ್ದರೆ ಎಲ್ಲಾ ಬೀಳ್ತದೆ. ಜಾಗ ತಾನಾಗೇ ಬರ್ತದೆ."

ಆಕೆ ನಂಬಿದಳು. ಯಾಕೆ ನಂಬಬಾರದು? ನಾನು ಕರಿ ಕೋಟು ಹಾಕಿದ್ದೆ.

ಎರಡನೆಯ ಕಲಮನ್ನು ನಾನು ಮರೆತೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ದಾವೆ ಬರೆಯುವಾಗ ಅದರ ಬಗ್ಗೆ ಯೋಚಿಸಿದ್ದೆ. ಸಂತೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂದು ಹೇಳುವ ಅಧಿಕಾರ ಮುಖ್ಯಾಧಿಕಾರಿಗೆ ಸ್ವಲ್ಪಮಟ್ಟಿಗೆ ಇರಬಹುದು, ವಾದ ಮಾಡಿದರೆ ಹೀಗೂ ಆಗಬಹುದು ಹಾಗೂ ಆಗಬಹುದು. ಇಪ್ಪತ್ತಾರು ವರ್ಷ ಕೂತದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಸಾಕ್ಷಿಗೆ ಯಾರನ್ನು ಎಳೆದು ತರುವುದು? ಸುಂಕದ ಪಾಯಿಂಟು ಚೊಕ್ಕವಾಗಿತ್ತು, ಅದಕ್ಕೆ ಈ ಕಂಬದ ಜಗಳ ಸೇರಿಸಿ ಯಾಕೆ ಕಲಸುಮೇಲೋಗರ ಮಾಡಲಿ ಎನ್ನಿಸಿತು. ದರ ಏರಿಕೆ ಅಕ್ರಮ ಎಂದು ಘೋಷಿಸಬೇಕು, ಆ ದರದಲ್ಲಿ ಎತ್ತದಂತೆ ತಡೆಯಬೇಕು, ಇಷ್ಟೇ ಕೋರಿಕೆ ಬರೆದೆ. ಆಕೆಯ ಹೆಬ್ಬೆಟ್ಟು ಹಾಕಿಸಿಕೊಂಡೆ. ಹೆಬ್ಬೆಟ್ಟಿನ ಶಾಯಿಯ ಸುತ್ತ ಅರಿಶಿನ ಹತ್ತಿ ಪ್ರತಿ ಹಾಳೆಯ ಮೂಲೆಯೂ ಮದುವೆ ಕಾಗದದ ಹಾಗೆ ಕಾಣುತ್ತಿತ್ತು.

ಮೊದಲ ವಾಯಿದೆಗೆ ಮುಂಚೆ ಸುಂಕದ ಚೀಟಿ ತಾ ಎಂದು ಹೇಳಿ ಕಳಿಸಿದೆ. ಹೊಸ ದರ ಕಟ್ಟಿದ್ದಕ್ಕೆ ದಾಖಲೆ ಬೇಕಿತ್ತು. ಆಕೆ ಬರಿಗೈಯಲ್ಲಿ ಬಂದಳು.

"ಚೀಟಿ ಎಲ್ಲಿ?"

"ಪೊಟ್ಣ ಕಟ್ದೆ," ಎಂದಳು.

ಆಕೆ ಕುಂಕುಮ ವಿಭೂತಿಗಳನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ಮಾರುತ್ತಾಳೆ. ಹಳೇ ನೋಟ್‌ಬುಕ್ಕು, ಕ್ಯಾಲೆಂಡರು, ಲಗ್ನಪತ್ರಿಕೆ, ಸಿಕ್ಕಿದ ಕಾಗದವೆಲ್ಲ ಅದಕ್ಕೇ. ಸುಂಕದ ಚೀಟಿಯ ಕಾಗದ ಗಟ್ಟಿಯಾಗಿರುತ್ತದೆ, ಅಳತೆಯೂ ಒಂದು ಪೊಟ್ಟಣಕ್ಕೆ ಸರಿಯಾಗುತ್ತದೆ, ಕರ್ಪೂರಕ್ಕೆ ಹೇಳಿ ಮಾಡಿಸಿದ್ದು ಎಂದು ನನಗೇ ತಿಳಿಹೇಳಿದಳು. ನಮ್ಮ ಕೇಸಿನ ದಾಖಲೆಗಳೆಲ್ಲ ಹೀಗೆ ಹತ್ತಾರು ಹಳ್ಳಿಯ ದೇವರ ಗೂಡು ಸೇರಿದ್ದವು. ನಾನು ರೇಗಿದೆ. ವಕೀಲರಿಗೆ ಕಕ್ಷಿದಾರರ ಮೇಲೆ ರೇಗುವುದೊಂದು ಹಕ್ಕು ಅಂತ ನಾವೆಲ್ಲ ತಿಳಿದಿದ್ದೇವೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು, ಆಮೇಲೆ ನಿಧಾನವಾಗಿ, "ಮೀನಮ್ಮನ ತಾವ ಇರ್ತವೆ ಕಣ್ರಿ, ಆಕಿ ಏನೂ ಬಿಸಾಕಲ್ಲ," ಎಂದಳು.

ಒಣಮೀನಿನವಳು ಆ ವರ್ಷದ ಒಂದು ಚೀಟಿಯನ್ನೂ ಎಸೆದಿರಲಿಲ್ಲ. ದಾರಕ್ಕೆ ಪೋಣಿಸಿ ಬುಟ್ಟಿಯ ಹಿಡಿಗೆ ಕಟ್ಟಿದ್ದಳು. ಆಕೆಯನ್ನೂ ಎರಡನೇ ವಾದಿ ಮಾಡಿ ಚೀಟಿಗಳನ್ನು ಕೋರ್ಟಿಗೆ ಹಾಜರುಪಡಿಸಿದೆ. ಆ ಕಡತ ಬಿಚ್ಚಿದಾಗಲೆಲ್ಲ ಶಿರಸ್ತೇದಾರರು ಮುಖ ಆ ಕಡೆ ತಿರುಗಿಸುತ್ತಿದ್ದರು. ನ್ಯಾಯಾಧೀಶರು ಸಸ್ಯಾಹಾರಿಗಳು, ಒಮ್ಮೆ ಕಡತ ಮುಟ್ಟದೆಯೇ ವಾಯಿದೆ ಕೊಟ್ಟರು. ಇದನ್ನು ನಾನು ಬಾರ್ ರೂಮಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆ ಚೀಟಿಗಳ ವಾಸನೆ ಆಕೆಯ ಕುಂಕುಮಕ್ಕೆ ವಾರ ವಾರವೂ ಹತ್ತುತ್ತಿತ್ತು ಎಂಬುದು ನಗುವಾಗ ನೆನಪಿಗೆ ಬಂದಿಲ್ಲ.

ಕೇಸು ಮೂರು ವರ್ಷ ಎಳೆಯಿತು. ಮಧ್ಯಂತರ ತಡೆಯಾಜ್ಞೆ ಸಿಗಲಿಲ್ಲ. ಎದುರು ವಕೀಲರಿಗೆ ಹುಷಾರಿಲ್ಲ ಅಂತ ಒಂದಿಷ್ಟು ವಾಯಿದೆ, ನನಗೆ ಹುಷಾರಿಲ್ಲ ಅಂತ ಒಂದಿಷ್ಟು, ನ್ಯಾಯಾಧೀಶರ ವರ್ಗಾವಣೆ ಅಂತ ಒಂದಿಷ್ಟು. ಅರಿಶಿನದಮ್ಮ ಒಂದನ್ನೂ ತಪ್ಪಿಸಲಿಲ್ಲ. ಬರುವ ಅಗತ್ಯವಿಲ್ಲ ಎಂದರೂ ಬರುತ್ತಿದ್ದಳು. ಬಂದ ದಿನ ಒಂದು ಸಂತೆ ತಪ್ಪುತ್ತಿತ್ತು. ಕೋರ್ಟಿನ ಜಗುಲಿಯಲ್ಲಿ ಚೀಲ ಪಕ್ಕಕ್ಕಿಟ್ಟುಕೊಂಡು ಪೊಟ್ಟಣ ಕಟ್ಟುತ್ತ ಕೂತಿರುತ್ತಿದ್ದಳು. ಹೊರಡುವಾಗ ಪ್ರತಿ ಸಲವೂ ಒಂದೇ ಪ್ರಶ್ನೆ.

"ಜಾಗದ್ದು ಏನಾತು ವಕೀಲ್ರೇ?"

"ನಡೀತಾ ಇದೆ," ಎನ್ನುತ್ತಿದ್ದೆ ನಾನು. ಯಾವ ಕೇಸಿಗಾದರೂ ಹೊಂದುವ ಉತ್ತರ ಅದು.

ಒಮ್ಮೆ ಬೇರೆ ಕೆಲಸಕ್ಕೆ ಆ ಊರಿಗೆ ಹೋಗಿದ್ದೆ. ಸಂತೆಯ ದಿನ. ಕಂಬದ ಬುಡದಲ್ಲಿ ನೀಲಿ ಹಸಿರು ಬಕೆಟ್ಟುಗಳು ಆಳೆತ್ತರ ನಿಂತಿದ್ದವು. ಅವುಗಳ ಹಿಂದೆ ಕೂತಿದ್ದ ಗಂಡಸು ಬಡಕಲು ಮನುಷ್ಯ, ಮಡಿಲಲ್ಲಿ ಮಗುವೊಂದು ನಿದ್ದೆ ಮಾಡುತ್ತಿತ್ತು. ಅವನನ್ನು ರಾಕ್ಷಸ ಅಂದುಕೊಂಡು ಹೋದವನಿಗೆ ಸ್ವಲ್ಪ ನಿರಾಸೆಯಾಯಿತು. ಹಿಂಬದಿಗೆ ಹೋದೆ. ಮೀನಿನ ಸಾಲಿನ ಕೊನೆಗೆ, ಅರ್ಧ ಕೊಡೆಯ ನೆರಳಿನಲ್ಲಿ ಆಕೆ. ಮುಂದೆ ಮೂರು ಗುಪ್ಪೆ, ಹಳದಿ, ಕೆಂಪು, ಬಿಳಿ. ಕಾಲು ಗಂಟೆ ನಿಂತು ನೋಡಿದೆ. ನಾಲ್ಕೈದು ಹೆಂಗಸರು ಆ ಕಡೆಯಿಂದ ಹಾದುಹೋದರು. ಎಲ್ಲರೂ ಮೂಗಿಗೆ ಸೆರಗು ಹಿಡಿದಿದ್ದರು, ಒಬ್ಬರೂ ನಿಲ್ಲಲಿಲ್ಲ. ಒಬ್ಬಾಕೆ ಮಾತ್ರ ಗುರುತು ಹಿಡಿದು, "ಅಯ್ಯೋ, ನೀನು ಇಲ್ಲಿದಿಯೇನೇ? ಸಂತೆ ಬಿಟ್ಟೆ ಅನ್ಕಂಡಿದ್ವಿ," ಎಂದು ಹೇಳಿ ಹಾಗೇ ಹೋದಳು.

ನನ್ನನ್ನು ಕಂಡು ಆಕೆ ಎದ್ದು ನಿಂತಳು. ಮಧ್ಯಾಹ್ನ ಹನ್ನೆರಡು ದಾಟಿತ್ತು. "ಬೋಣಿ ಆತೇನಮ್ಮಾ?" ಎಂದು ಕೇಳಿದೆ, ಕೇಳಬಾರದಿತ್ತು. ಆಕೆ ಇಲ್ಲವೆಂದು ತಲೆ ಆಡಿಸಿದಳು. ನಾನು ಒಂದು ಪೊಟ್ಟಣ ಕರ್ಪೂರ ಕೊಂಡೆ. ಆಕೆ ದುಡ್ಡು ಕಣ್ಣಿಗೊತ್ತಿಕೊಂಡಳು. ಅಲ್ಲೇ ನನಗೆ ತಿಳಿಯಬೇಕಿತ್ತು, ಈ ಹೆಂಗಸಿಗೆ ಬೇಕಾದದ್ದು ಏನು, ನಾನು ಮಾಡುತ್ತಿರುವುದು ಏನು ಎಂದು. ದಾವೆಗೆ ತಿದ್ದುಪಡಿ ಹಾಕಲು ಆಗಲೂ ಕಾಲಾವಕಾಶ ಇತ್ತು. ನಾನು ಆಕೆಗೆ ಸಾಕ್ಷಿ ಹೇಳುವುದು ಹೇಗೆಂದು ಪಾಠ ಹೇಳಿಕೊಟ್ಟು ಬಸ್ಸು ಹತ್ತಿದೆ.

ಸಾಕ್ಷಿಕಟ್ಟೆಯಲ್ಲಿ ಆಕೆ ನನ್ನ ಪಾಠವನ್ನೆಲ್ಲ ಮರೆತಳು. ಎದುರು ವಕೀಲರು, "ಸುಂಕ ಜಾಸ್ತಿ ಆಯ್ತು ಅಂತ ನಿಮ್ಮ ತಕರಾರು, ಅಲ್ವಾ?" ಎಂದು ಕೇಳಿದರು.

"ಅಲ್ರೀ. ನಂದು ಕಂಬದ ತಾವ ಜಾಗ ಇತ್ತು, ಅದನ್ನ..." ಎಂದು ಶುರು ಮಾಡಿದಳು.

ನಾನು ಎದ್ದು ನಿಂತು, "ಅಮ್ಮಾ, ಕೇಳಿದ್ದಕ್ಕೆ ಅಷ್ಟೇ ಉತ್ತರ ಹೇಳಿ," ಎಂದೆ. ಎದುರು ವಕೀಲರು ನನ್ನ ಮುಖ ನೋಡಿ ಸಣ್ಣಗೆ ನಕ್ಕರು. ಆ ವಾಕ್ಯ ದಾಖಲಾಗಲಿಲ್ಲ. ಆಕೆ ಹೌದು ಎಂದಳು, ಅದು ದಾಖಲಾಯಿತು.

ಮುಖ್ಯಾಧಿಕಾರಿಯ ಪಾಟೀಸವಾಲು ಮಾತ್ರ ನಾನು ಅಂದುಕೊಂಡ ಹಾಗೇ ಆಯಿತು. ಠರಾವಿನ ತಾರೀಖು ಹೇಳಿ ಎಂದೆ. ಠರಾವು ಆಗಿಲ್ಲ ಎಂದರು. ಆಕ್ಷೇಪಣೆ ಕರೆದ ಪ್ರಕಟಣೆ ತೋರಿಸಿ ಎಂದೆ. ಇಲ್ಲ ಎಂದರು. ಹಾಗಾದರೆ ಯಾರ ಅಧಿಕಾರದಿಂದ ಏರಿಸಿದಿರಿ ಎಂದೆ. ಆಡಳಿತದ ಹಿತದೃಷ್ಟಿಯಿಂದ ಎಂದರು. ನಾನು ನ್ಯಾಯಾಧೀಶರ ಕಡೆ ತಿರುಗಿ ಕೂತೆ. ಆ ಕ್ಷಣದ ಹೆಮ್ಮೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅದಾದ ಮೇಲೆ ಕ್ಯಾಂಟೀನಿನಲ್ಲಿ ಆ ಅಧಿಕಾರಿ ನನ್ನ ಎದುರಿನ ಬೆಂಚಿಗೇ ಬಂದು ಕೂತರು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಸಕ್ಕರೆ ಇಲ್ಲದ ಚಹಾ ಹೇಳಿದರು. "ಸಭೆ ಕರೆದ್ರೆ ಕೋರಂ ಆಗಲ್ಲ ವಕೀಲ್ರೇ. ಅಧ್ಯಕ್ಷಗಿರಿ ಸಲುವಾಗಿ ಎರಡು ಗುಂಪು, ಒಬ್ರು ಬಂದ್ರೆ ಇನ್ನೊಬ್ರು ಬರಲ್ಲ. ಸಂತೆ ಕಸ ಹೊಡಿಯೋರಿಗೆ ಸಂಬಳ ಕೊಡ್ಬೇಕಲ್ಲ, ನಾನೇನ್ ಮಾಡ್ಲಿ ಹೇಳ್ರಿ," ಎಂದರು. ಕೆಟ್ಟವರ ಮೇಲೆ ಗೆದ್ದರೆ ಸಿಗುವ ಸಂತೋಷ ನನಗೆ ಈ ವೃತ್ತಿಯಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಎದುರಿಗೆ ನಿಂತವರು ಸಾಮಾನ್ಯವಾಗಿ ನನ್ನಷ್ಟೇ ದಣಿದಿರುತ್ತಾರೆ.

ತೀರ್ಪು ನಮ್ಮ ಪರವಾಗಿ ಬಂತು. ಸಭೆಯ ಠರಾವಿಲ್ಲದೆ ಸುಂಕ ಏರಿಸುವ ಅಧಿಕಾರ ಮುಖ್ಯಾಧಿಕಾರಿಗಿಲ್ಲ, ಅನಿವಾರ್ಯತೆ ಎಷ್ಟೇ ಇದ್ದರೂ ಇಲ್ಲದ ಅಧಿಕಾರ ಹುಟ್ಟುವುದಿಲ್ಲ, ಏರಿಕೆ ಅಕ್ರಮ, ಕಾನೂನಿನ ಕ್ರಮ ಅನುಸರಿಸಿ ಏರಿಸಲು ಅಡ್ಡಿಯಿಲ್ಲ. ಬಾರ್ ರೂಮಿನಲ್ಲಿ ಎಲ್ಲರೂ ಕೈಕುಲುಕಿದರು. ನಾನು ಮಂಡಕ್ಕಿ ಮೆಣಸಿನಕಾಯಿ ತರಿಸಿದೆ. ಸ್ಥಳೀಯ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಅದನ್ನು ಮನೆಯಾಕೆ ಕತ್ತರಿಸಿ ಇಟ್ಟಿದ್ದಾಳೆ. ಅರಿಶಿನದಮ್ಮನಿಗೆ ಫೋನು ಮಾಡಿ, "ಗೆದ್ವಿ ಅಮ್ಮಾ," ಎಂದೆ. "ನಿಮ್ ಹೊಟ್ಟೆ ತಣ್ಣಗಿರ್ಲಿ," ಎಂದಳು. ಅವಳು ಅಳುತ್ತಿದ್ದಳು ಅನ್ನಿಸುತ್ತದೆ. ನಾನು ಆಗ ಜಾಗದ ಮಾತು ಎತ್ತಬಹುದಿತ್ತು. ಫೋನಿಟ್ಟೆ.

ತೀರ್ಪಿನ ದೃಢೀಕೃತ ನಕಲು ಕೈಗೆ ಬರುವ ಹೊತ್ತಿಗೆ ಎರಡು ತಿಂಗಳಾಯಿತು. ಆ ಎರಡು ತಿಂಗಳಲ್ಲಿ, ಮೂರು ವರ್ಷ ಸೇರದ ಸಭೆ ಸೇರಿತು. ಕೋರ್ಟಿನ ಛೀಮಾರಿಗೆ ಎರಡೂ ಗುಂಪಿಗೆ ಅವಮಾನವಾಗಿತ್ತಂತೆ. ಅದೇ ಇಪ್ಪತ್ತೈದು ರೂಪಾಯಿಗೆ ಠರಾವು ಮಾಡಿ, ಆಕ್ಷೇಪಣೆ ಕರೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ನನಗೂ ಅದರ ಸುದ್ದಿ ಬಂತು. ಒಂದು ಆಕ್ಷೇಪಣೆ ಬರೆಯಲು ನನಗೆ ಹತ್ತು ನಿಮಿಷ ಸಾಕಿತ್ತು, ಬರೆಯಲಿಲ್ಲ. ಯಾರೂ ಬರೆಯಲಿಲ್ಲ. ಈಗ ಆ ದರ ಎಲ್ಲ ರೀತಿಯಲ್ಲೂ ಕಾನೂನುಬದ್ಧ.

ನಕಲು ಬಂದಿದೆ ಎಂದು ತಿಳಿಸಿದ ವಾರವೇ ಆಕೆ ಬಂದಳು. ಸಂತೆಯಿಂದ ನೇರ ಬಂದಿದ್ದಳು, ಚೀಲ ಬಿಚ್ಚಿರಲೇ ಇಲ್ಲ. ಹಣೆಯ ಬೆವರಿಗೆ ಕುಂಕುಮ ಇಳಿದಿತ್ತು. ಗೆದ್ದೆವೆಂದು ನಾನು ಹೇಳಿದ ಮಾರನೆಯ ಸಂತೆಯಿಂದ ಆಕೆ ಪ್ರತಿ ವಾರ ಕಂಬದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದಳಂತೆ. ಬಕೆಟ್ಟಿನವನು ತನ್ನ ಚೀಟಿ ತೋರಿಸುತ್ತಿದ್ದನಂತೆ. ಕೋರ್ಟಿನಾಗೆ ನಂಗೆ ಆಗೈತೆ ಎಂದರೆ, ಕಾಗದ ತಗಂಬಾ ಅಂತ ಚೀಟಿಯವರು ನಗುತ್ತಿದ್ದರಂತೆ. ಎಂಟು ವಾರ ಹೀಗೆ ಹೋಗಿ ಹೀಗೆ ಬಂದಿದ್ದಾಳೆ. ನನಗೆ ಒಂದು ಮಾತು ಹೇಳಿರಲಿಲ್ಲ. ಕಾಗದ ಬಂದರೆ ಸರಿಹೋಗುತ್ತದೆ ಅಂದುಕೊಂಡಿದ್ದಳು.

"ಕೊಡ್ರಿ ವಕೀಲ್ರೇ. ಯಾವ್ ಹಾಳ್ಯಾಗೆ ಐತೆ ನನ್ ಜಾಗದ್ದು? ಅದೊಂದು ತೋರ್ಸ್ತೀನಿ," ಎಂದಳು.

ಇಪ್ಪತ್ತೆಂಟು ಹಾಳೆಯ ತೀರ್ಪು. ನಾನು ಹುಡುಕುವವನಂತೆ ಹಾಳೆ ತಿರುವಿದೆ, ಎಲ್ಲಿದೆ ಎಂದು ಗೊತ್ತಿದ್ದರೂ. ಇಪ್ಪತ್ತೊಂದನೆಯ ಪುಟದಲ್ಲಿ ಒಂದೇ ಸಾಲು ಇತ್ತು. ಆದೇಶದ ಎರಡನೆಯ ಕಲಮನ್ನು ವಾದಿಗಳು ಪ್ರಶ್ನಿಸಿಲ್ಲವಾದ್ದರಿಂದ ಅದರ ಬಗ್ಗೆ ಈ ನ್ಯಾಯಾಲಯ ಏನನ್ನೂ ಹೇಳಬೇಕಾಗಿಲ್ಲ. ಅದನ್ನು ಓದಿದೆ. ಆಕೆಗೆ ಅರ್ಥವಾಗಲಿಲ್ಲ. ಆಡುಮಾತಿನಲ್ಲಿ ಹೇಳಿದೆ.

"ನಾವು ಜಾಗ ಕೇಳಿರಲಿಲ್ಲಮ್ಮಾ. ಕೇಳದೆ ಇದ್ದದ್ದನ್ನ ಕೋರ್ಟಿಗೆ ಕೊಡಾಕೆ ಬರಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ನಾನ್ ಅದೊಂದೇ ಅಲ್ವೇನ್ರೀ ಕೇಳಿದ್ದು?" ಎಂದಳು.

ಹೌದು ಎಂದೆ. ತಪ್ಪು ನನ್ನದು ಎಂದೂ ಹೇಳಿದೆ. ಹೊಸ ದಾವೆ ಹಾಕೋಣ, ಫೀಸು ಬೇಡ, ಈ ಸಲ ಜಾಗವನ್ನೇ ಕೇಳೋಣ ಎಂದೆ. ಎಷ್ಟು ದಿನ ಆಗ್ತೈತೆ ಎಂದು ಕೇಳಿದಳು. ಸುಳ್ಳು ಹೇಳಲು ಧೈರ್ಯ ಬರಲಿಲ್ಲ, ಎರಡು ಮೂರು ವರ್ಷ ಎಂದೆ. ಆಕೆ ಮೇಜಿನ ಮೇಲಿದ್ದ ತೀರ್ಪನ್ನು ಕೈಗೆತ್ತಿಕೊಂಡು, ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿದಳು. ಕೊನೆಯ ಪುಟದ ದುಂಡು ಸೀಲನ್ನು ನೋಡಿದಳು.

"ಆ ಸಾಹೇಬ್ರು ಒಂದೇ ಹಾಳೆ ಬರ್ದು ನನ್ನ ಎಬ್ಬಿಸ್ಬಿಟ್ರು. ನಿಮ್ ತಾವ ಇಷ್ಟು ಹಾಳೆ ಐತೆ. ಕೂರ್ಸಾಕೆ ಆಗಲ್ವೇನ್ರೀ?"

ಆಗಲ್ಲಮ್ಮಾ ಎಂದೆ. ಆಕೆ ತೀರ್ಪನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು ಎದ್ದಳು. ಚೀಲ ಎತ್ತಲು ನಾನು ಕೈ ಹಾಕಿದೆ. ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿಗೆ ಹತ್ತಿಸಿ ಬಂದೆ. ಆ ವಾರದಿಂದ ಆಕೆಗೆ ನಾಲ್ಕೇ ಸಂತೆ.